ತಡವಾದದ್ದು ಯಾರ ಪಂಚಾಂಗದಲ್ಲಿ?

ಸಸ್ಯಗಳ ಶಾಸ್ತ್ರೀಯ ಹೆಸರಿನಲ್ಲಿ ಮೊದಲ ಪದ ಕುಲವನ್ನು ಹೇಳುತ್ತದೆ, ಎರಡನೆಯ ಪದ ಹಲವು ಸಲ ಚಾಡಿ ಹೇಳುತ್ತದೆ. ಮುಟ್ಟಿದರೆ ಮುನಿಯ ಹೆಸರಿನಲ್ಲಿರುವ ‘ಪ್ಯುಡಿಕಾ’ ಎಂದರೆ ನಾಚಿಕೆಯವಳು. ಸ್ಟರ್ಕ್ಯುಲಿಯಾ ಮರವೊಂದರ ಬೆನ್ನಿಗೆ ಅಂಟಿರುವ ‘ಫೀಟಿಡಾ’ ಎಂದರೆ ನಾರುವವಳು. ಪಾರಿಜಾತಕ್ಕೆ ಯುರೋಪಿನವರು ಕೊಟ್ಟದ್ದು ‘ಆರ್ಬರ್ ಟ್ರಿಸ್ಟಿಸ್’, ಅಂದರೆ ದುಃಖದ ಮರ. ಬೆಳಗಾಗುವುದರೊಳಗೆ ಹೂವನ್ನೆಲ್ಲ ಉದುರಿಸಿ ನಿಲ್ಲುವ ಮರದಲ್ಲಿ ಅವರಿಗೆ ಸೂತಕ ಕಂಡಿತು, ನಮ್ಮವರು ಅದೇ ಮರವನ್ನು ದೇವಲೋಕದಿಂದ ಇಳಿಸಿ ತಂದು ಅಂಗಳದಲ್ಲಿ ನೆಟ್ಟರು. ಗುಣ ಗಿಡದ್ದಾದರೂ ವಿಶೇಷಣ ನೋಡಿದವರದ್ದು.

ಇಂಥ ವಿಶೇಷಣಗಳಲ್ಲಿ ನನಗೆ ಬಹಳ ಪ್ರಿಯವಾದ ಒಂದಿದೆ. ಸಸ್ಯಶಾಸ್ತ್ರದ ಹೊರಗೆ ಅದನ್ನು ಬಳಸುವವರು ಅಪರೂಪ. ಸೆರೋಟಿನಸ್. ನಿಘಂಟು ತೆರೆದರೆ ಅರ್ಥ ಒಂದೇ ಪದದಲ್ಲಿ ಮುಗಿಯುತ್ತದೆ: ತಡವಾದ. ತಡವಾಗಿ ಹೂಬಿಡುವ, ತಡವಾಗಿ ಹಣ್ಣಾಗುವ, ತಡವಾಗಿ ಬೀಜ ಉದುರಿಸುವ. (ಮೆದುಳಿನ ಸೆರೊಟೋನಿನ್‌ಗೂ ಇದಕ್ಕೂ ನಂಟಿಲ್ಲ. ಅದು ರಕ್ತದ ಸೀರಮ್‌ನಿಂದ ಬಂದ ಹೆಸರು. ಸಂತೋಷದ ರಾಸಾಯನಿಕವನ್ನು ಹುಡುಕಿಕೊಂಡು ಇಲ್ಲಿಗೆ ಬಂದವರು ಕ್ಷಮಿಸಬೇಕು.)

ಲ್ಯಾಟಿನ್‌ನಲ್ಲಿ ‘ಸೇರುಸ್’ ಎಂದರೆ ತಡವಾದದ್ದು, ‘ಸೇರೋ’ ಎಂದರೆ ತಡವಾಗಿ. ಹೊತ್ತು ಮೀರಿದ ಮೇಲೆ ಬರುವುದು ಸಂಜೆಯಾದ್ದರಿಂದ ಇಟಲಿಯವರ ‘ಸೇರಾ’, ಫ್ರೆಂಚರ ‘ಸ್ವಾರ್’ ಎರಡೂ ಈ ಬೇರಿನಿಂದಲೇ ಚಿಗುರಿದವು. ‘ಸೇರೋ’ಗೆ ಹತ್ತಿದ ಪ್ರತ್ಯಯ ‘-ತಿನುಸ್’. ಇದು ಕಾಲವಾಚಕಗಳಿಗೆ ಹತ್ತುವ ಪ್ರತ್ಯಯ: ಬೆಳಗಿನದು ‘ಮಾತೂತಿನುಸ್’, ನಾಳೆಯದು ‘ಕ್ರಾಸ್ತಿನುಸ್’, ಬಹುಕಾಲದ್ದು ‘ದಿಯೂತಿನುಸ್’. ಇಷ್ಟು ಓದುವಾಗ ಕನ್ನಡದ ಕಿವಿಗೆ ಏನೋ ಪರಿಚಿತವಾದದ್ದು ತಾಗಬೇಕು. ಸನಾತನ, ಪುರಾತನ, ನೂತನ, ಅದ್ಯತನ, ಚಿರಂತನ. ಸಂಸ್ಕೃತದಿಂದ ನಮಗೆ ಬಂದ ಈ ‘-ತನ’ವೂ ರೋಮನ್ನರ ‘-ತಿನುಸ್’ ಕೂಡ ಒಂದೇ ತಾಯಿಯ ಮಕ್ಕಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ದೊಡ್ಡತನ, ಬಡತನಗಳಲ್ಲಿರುವ ‘ತನ’ ಬೇರೆ, ಅದು ನಮ್ಮದೇ ಮನೆಯದು, ಅದಕ್ಕೆ ಕಾಲದ ಗೊಡವೆಯಿಲ್ಲ. ‘ಸನಾತನ’ ಎಂಬ ಪದವನ್ನು ದಿನಕ್ಕೆ ನೂರು ಸಲ ಕೂಗಿ ಹೇಳುವ ಈ ಕಾಲದಲ್ಲಿ ಅದರ ಬಾಲ ಅಮೆರಿಕದ ಒಂದು ಚೆರ್ರಿ ಮರದ ಹೆಸರಿನಲ್ಲಿ ನೇತಾಡುತ್ತಿದೆ ಎಂಬುದು ನನಗೆ ಸಣ್ಣ ಸಂತೋಷವನ್ನು ಕೊಡುತ್ತದೆ.

ಸೆರೋಟಿನುಸ್ ಹುಟ್ಟಾ ರೈತರ ಪದ. ಮೊದಲನೆಯ ಶತಮಾನದಲ್ಲಿ ಕೃಷಿಯ ಬಗ್ಗೆ ಬರೆದ ಕೊಲುಮೆಲ್ಲಾ ಮತ್ತು ಪ್ಲಿನಿ ಇಬ್ಬರೂ ಇದನ್ನು ತಡವಾದ ಬಿತ್ತನೆಗೆ, ತಡವಾಗಿ ಮಾಗುವ ಹಣ್ಣಿಗೆ ಬಳಸುತ್ತಾರೆ. ಇದರ ಎದುರಾಳಿ ‘ಪ್ರೈಕಾಕ್ಸ್’: ಮುಂಚೆಯೇ ಬೆಂದದ್ದು, ಅಂದರೆ ಹೊತ್ತಿಗೆ ಮೊದಲೇ ಮಾಗಿದ್ದು. ಈ ಎದುರಾಳಿಯ ಅದೃಷ್ಟ ಮಾತ್ರ ಬೇರೆ. ಬೇಗ ಮಾಗುವ ಹಣ್ಣೊಂದಕ್ಕೆ ರೋಮನ್ನರು ಇದೇ ಹೆಸರಿಟ್ಟರು. ಅದು ಗ್ರೀಕರ ಬಾಯಿಗೆ ಹೋಯಿತು, ಅಲ್ಲಿಂದ ಅರಬರ ಬಳಿ ‘ಅಲ್-ಬರ್ಕೂಕ್’ ಆಯಿತು, ಸ್ಪೇನಿಗೆ ಬಂದು ‘ಅಲ್ಬರಿಕೋಕೆ’ ಆಯಿತು, ಕೊನೆಗೆ ಇಂಗ್ಲಿಷಿನಲ್ಲಿ ಏಪ್ರಿಕಾಟ್ ಎಂದು ಇಳಿಯಿತು. ನಾವು ಜರ್ದಾಳು ಎನ್ನುವ ಹಣ್ಣು. ಬೇಗ ಬಂದವನಿಗೆ ದೇಶಾಟನೆ, ಸನ್ಮಾನ. ತಡವಾಗಿ ಬಂದವನು ಸಸ್ಯಶಾಸ್ತ್ರದ ಪುಸ್ತಕದ ಮೂಲೆಯಲ್ಲಿ ಉಳಿದ.

ಪೂರ್ತಿ ಮೂಲೆ ಎಂದೂ ಹೇಳಲಾಗದು. ನಾಲ್ಕನೆಯ ಶತಮಾನದ ಕೊನೆಗೆ ಬೆತ್ಲೆಹೆಮ್‌ನಲ್ಲಿ ಕುಳಿತು ಹೀಬ್ರೂ ಧರ್ಮಗ್ರಂಥವನ್ನು ಲ್ಯಾಟಿನ್‌ಗೆ ತಂದ ಜೆರೋಮ್, ಧರ್ಮೋಪದೇಶಕಾಂಡದಲ್ಲಿ ಬರುವ ಎರಡು ಮಳೆಗಳಿಗೆ ‘ಟೆಂಪೊರಾನೆಯಾ’ ಮತ್ತು ‘ಸೆರೋಟಿನಾ’ ಎಂದು ಬರೆದ. ಪ್ಯಾಲೆಸ್ತೀನಿನಲ್ಲಿ ಮೊದಲ ಮಳೆ ಅಕ್ಟೋಬರ್ ಸುಮಾರಿಗೆ ಬಿದ್ದು ನೆಲವನ್ನು ಬಿತ್ತನೆಗೆ ಮೆತ್ತಗೆ ಮಾಡುತ್ತದೆ, ಕೊನೆಯ ಮಳೆ ಮಾರ್ಚ್-ಏಪ್ರಿಲ್‌ನಲ್ಲಿ ಬಂದು ಕಾಳು ತುಂಬಿಸುತ್ತದೆ. ಕನ್ನಡ ಬೈಬಲಿನಲ್ಲಿ ಇವು ಮುಂಗಾರು ಮತ್ತು ಹಿಂಗಾರು. ತಿಂಗಳುಗಳ ಲೆಕ್ಕ ಕೂಡಿಬರುವುದಿಲ್ಲವಾದರೂ ಅನುವಾದಕರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುತ್ತಿರಲಿಲ್ಲ.

ಹಿಂಗಾರು ಎಂದ ಕೂಡಲೇ ನನ್ನ ತಕರಾರು ಶುರುವಾಗುತ್ತದೆ. ವಿಜಯಪುರ, ಧಾರವಾಡ, ಗದಗ ಕಡೆಯ ಎರೆಭೂಮಿಯಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಹೊತ್ತಿಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಾರೆ. ಆ ರೈತರನ್ನು ನೀವು ತಡವಾಗಿ ಬಿತ್ತಿದಿರಿ ಎಂದು ಯಾರಾದರೂ ಅನ್ನುತ್ತಾರೆಯೇ? ಜೂನ್‌ನಲ್ಲಿ ಬಿತ್ತುವವನ ಕಣ್ಣಿಗೆ ಅದು ತಡ ಇರಬಹುದು. ಎರೆಮಣ್ಣಿನ ಹಸಿಯನ್ನು ನಂಬಿ ಚಳಿಗಾಲವನ್ನು ದಾಟುವ ಬೆಳೆಗೆ ಅದೇ ಸರಿಯಾದ ಹೊತ್ತು. ‘ತಡ’ ಎನ್ನಲು ಎರಡು ವಸ್ತು ಬೇಕು. ಒಂದರ ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸಿದಾಗ ಮಾತ್ರ ಈ ಪದಕ್ಕೆ ಜೀವ ಬರುತ್ತದೆ, ಮತ್ತು ಮೊದಲು ನಿಂತದ್ದು ಯಾವುದು ಎಂಬುದನ್ನು ಹೆಸರಿಡುವವನು ತೀರ್ಮಾನಿಸುತ್ತಾನೆ.

ಸಸ್ಯಶಾಸ್ತ್ರಜ್ಞರು ಮಾಡಿದ್ದೂ ಇದನ್ನೇ. 1753ರ ತನ್ನ ಮಹಾಗ್ರಂಥದಲ್ಲಿ ಲಿನೇಯಸ್ ಬಲ್ಬೊಕೋಡಿಯಂ ಎಂಬ ಕುಲದಲ್ಲಿ ಎರಡು ಪುಟ್ಟ ಗಡ್ಡೆಗಿಡಗಳನ್ನು ಸೇರಿಸಿದ. ವಸಂತದ ಮೊದಲಿಗೇ ಅರಳುವುದನ್ನು ‘ವೆರ್ನುಂ’, ವಸಂತದ್ದು, ಎಂದ. ಅದಕ್ಕಿಂತ ಆಮೇಲೆ ಅರಳುವುದನ್ನು ‘ಸೆರೋಟಿನುಂ’ ಎಂದ. ಈ ಎರಡನೆಯ ಗಿಡ ಬೆಟ್ಟದ ಬಂಡೆ ಸಂದಿಗಳಲ್ಲಿ ಬೆಳೆಯುವ ಬಿಳಿ ಹೂವಿನದು. ಬ್ರಿಟನ್ನಿನಲ್ಲಿ ಅದು ಉಳಿದಿರುವುದು ವೇಲ್ಸ್‌ನ ಸ್ನೋಡನ್ ಸುತ್ತಲ ಬೆಟ್ಟಗಳ ಕೆಲವೇ ಕಡಿದಾದ ಬಂಡೆಗಳಲ್ಲಿ. ಹದಿನೇಳನೆಯ ಶತಮಾನದ ಕೊನೆಗೆ ಅದನ್ನು ಅಲ್ಲಿ ಕಂಡವನು ಎಡ್ವರ್ಡ್ ಲ್ವಿಡ್, ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಸಂಗ್ರಹಾಲಯದ ಪಾಲಕ. ಮುಂದೆ ಆತನ ಗೌರವಕ್ಕೆ ಗಿಡ ‘ಲಾಯ್ಡಿಯಾ ಸೆರೋಟಿನಾ’ ಆಯಿತು, ಈಚೆಗೆ ಕುಲ ಬದಲಾಗಿ ‘ಗಾಗಿಯಾ ಸೆರೋಟಿನಾ’. ಹೀಗೆ ಹೋಲಿಸಿದ ಗಿಡ ಬಿಟ್ಟುಹೋಯಿತು, ಕುಲ ಎರಡೆರಡು ಸಲ ಬದಲಾಯಿತು, ‘ತಡವಾದ’ ಎಂಬ ಹಣೆಪಟ್ಟಿ ಮಾತ್ರ ಹಾಗೆಯೇ ಉಳಿಯಿತು. ಸ್ನೋಡನ್‌ನಲ್ಲಿ ಈ ತಡದ ಹೂವು ಅರಳುವುದು ಮೇ ಕೊನೆ, ಜೂನ್ ಹೊತ್ತಿಗೆ. ಬೇಸಿಗೆ ಆಗಷ್ಟೇ ಬಾಗಿಲಿಗೆ ಬಂದಿರುತ್ತದೆ.

ಪ್ರೂನಸ್ ಸೆರೋಟಿನಾ ಎಂಬ ಚೆರ್ರಿ ಮರದ ಕಥೆಯೂ ಹೀಗೆಯೇ. ಸ್ವಿಟ್ಜರ್‌ಲ್ಯಾಂಡ್ ಮೂಲದ ಎರ್‌ಹಾರ್ಟ್ ಕೊಟ್ಟ ಹೆಸರು ಅದು. ಲ್ಯಾಟಿನ್ ವ್ಯಾಕರಣದ ಒಂದು ಚಮತ್ಕಾರವನ್ನು ಇಲ್ಲೇ ಹೇಳಿಬಿಡುತ್ತೇನೆ. ‘ಪ್ರೂನಸ್’ ನೋಡಲು ಗಂಡು ಪದದಂತಿದ್ದರೂ ವಿಶೇಷಣ ಹೆಣ್ಣು, ‘ಸೆರೋಟಿನಾ’. ರೋಮನ್ನರ ಪಾಲಿಗೆ ಮರಗಳೆಲ್ಲ ಹೆಂಗಸರು. ನಮ್ಮ ಅರಳಿ ಮರ ‘ಫೈಕಸ್ ರಿಲಿಜಿಯೋಸಾ’ ಆದದ್ದೂ ಇದೇ ಕಾರಣಕ್ಕೆ. ಈ ಚೆರ್ರಿಯ ತವರು ಉತ್ತರ ಅಮೆರಿಕದ ಪೂರ್ವ ಭಾಗ. ಯುರೋಪಿನ ತಮ್ಮ ಚೆರ್ರಿಗಳು ಹೂಬಿಟ್ಟು ಮುಗಿಸಿದ ಮೇಲೆ ಇದು ಅರಳುವುದನ್ನು ಕಂಡವರು ತಡವೆಂದರು. ಆಮೇಲೆ ಹಾಲೆಂಡ್ ಮತ್ತು ಜರ್ಮನಿಯ ಮರಳು ನೆಲಗಳಲ್ಲಿ ಅರಣ್ಯ ಇಲಾಖೆಯವರು ಇದನ್ನು ಉತ್ಸಾಹದಿಂದ ನೆಟ್ಟರು, ಮಣ್ಣು ಸುಧಾರಿಸುತ್ತದೆ, ಗಾಳಿ ತಡೆಯುತ್ತದೆ ಎಂದು. ತವರಿನಲ್ಲಿ ತಾಯಿಮರದ ಬುಡದ ಮಣ್ಣಿನಲ್ಲಿರುವ ರೋಗಾಣುಗಳು ಸಸಿಗಳನ್ನು ಹದ್ದುಬಸ್ತಿನಲ್ಲಿಡುತ್ತವೆ, ಯುರೋಪಿನ ಮಣ್ಣಿನಲ್ಲಿ ಆ ಕಾಟ ಕಡಿಮೆ. ಮರ ಹಬ್ಬಿತು. ಡಚ್ಚರು ಈಗ ಅದನ್ನು ಕರೆಯುವುದು ‘ಬಾಸ್‌ಪೆಸ್ಟ್’, ಕಾಡಿನ ಪಿಡುಗು. ತಡವಾಗಿ ಬಂದವಳೆಂದು ಹೆಸರಿಟ್ಟವರಿಗೆ ಇವಳು ಕೊಟ್ಟ ಉತ್ತರ ಎಂದು ನಾನು ತಿಳಿಯುತ್ತೇನೆ.

ಒಂದು ಬಾವಲಿಗೂ ಈ ವಿಶೇಷಣವಿದೆ, ಎಪ್ಟೆಸಿಕಸ್ ಸೆರೋಟಿನಸ್. ಅಲ್ಲಿ ‘ತಡ’ಕ್ಕಿಂತ ‘ಸಂಜೆ’ಯ ಅರ್ಥವೇ ಮುಖ್ಯ. ಅದನ್ನು ಬಿಟ್ಟು ಮುಂದೆ ಹೋಗೋಣ, ಏಕೆಂದರೆ ಈ ಪದದ ನಿಜವಾದ ಬಾಳು ಬೆಂಕಿಯ ಜೊತೆಗಿದೆ.

ಪರಿಸರ ವಿಜ್ಞಾನಿಗಳು ಸೆರೋಟಿನಸ್ ಎನ್ನುವುದು ಹೂವಿಗಲ್ಲ, ಬೀಜಕ್ಕೆ. ಉತ್ತರ ಅಮೆರಿಕದ ಜ್ಯಾಕ್ ಪೈನ್, ಲಾಡ್ಜ್‌ಪೋಲ್ ಪೈನ್ ಮರಗಳ ಕಾಯಿಯನ್ನು ನೋಡಿ. ಬೀಜ ಬಲಿತಿರುತ್ತದೆ, ಆದರೆ ಕಾಯಿಯ ಚಿಪ್ಪುಗಳ ನಡುವೆ ರಾಳ ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ. ಸುಮಾರು 45ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖ ತಾಗುವವರೆಗೆ ಆ ಬೆಸುಗೆ ಬಿಡುವುದಿಲ್ಲ. ಕಾಯಿ ವರ್ಷಗಟ್ಟಲೆ ಕೊಂಬೆಯಲ್ಲೇ ಕೂತಿರುತ್ತದೆ. ಒಂದು ದಿನ ಕಾಡಿಗೆ ಬೆಂಕಿ ಬೀಳುತ್ತದೆ, ಮರ ಸಾಯುತ್ತದೆ, ರಾಳ ಕರಗುತ್ತದೆ, ಚಿಪ್ಪುಗಳು ಬಿಚ್ಚಿಕೊಳ್ಳುತ್ತವೆ. ಬೀಜ ಬೀಳುವ ನೆಲದಲ್ಲಿ ಆಗ ತರಗೆಲೆಯ ಹೊದಿಕೆಯಿಲ್ಲ, ಮೇಲೆ ನೆರಳಿಲ್ಲ, ನೀರಿಗೆ ಪೈಪೋಟಿಯಿಲ್ಲ. ಬೂದಿಯಿದೆ, ಬಿಸಿಲಿದೆ.

ಆಸ್ಟ್ರೇಲಿಯಾದ ಬ್ಯಾಂಕ್ಸಿಯಾಗಳು ಇನ್ನೂ ಹಟಮಾರಿಗಳು. ಮರದಂತೆ ಗಟ್ಟಿಯಾದ ಕಾಯಿಕೋಶಗಳು ಬೆಂಕಿಗೆ ಬಾಯಿ ಬಿಡುತ್ತವೆ, ಆದರೆ ಕೆಲವು ಜಾತಿಗಳಲ್ಲಿ ಬೀಜ ಆಗಲೂ ಹೊರಬೀಳುವುದಿಲ್ಲ. ಒಳಗೆ ರೆಕ್ಕೆಯಂಥ ಒಂದು ತಡಿಕೆ ಇರುತ್ತದೆ. ಮಳೆಗೆ ನೆನೆದು, ಮತ್ತೆ ಒಣಗಿ, ಮತ್ತೆ ನೆನೆದು ಅದು ಬೀಜವನ್ನು ಮೆಲ್ಲಗೆ ಹೊರಕ್ಕೆ ಮೀಟುತ್ತದೆ. ಬೆಂಕಿ ಬಂದರೆ ಸಾಲದು, ಅದರ ಹಿಂದೆ ಮಳೆಯೂ ಬಂತೇ ಎಂದು ಖಾತ್ರಿ ಮಾಡಿಕೊಳ್ಳುವ ಏರ್ಪಾಡು. ಈ ಬ್ಯಾಂಕ್ಸಿಯಾಕ್ಕೆ ಹೆಸರು ಬಂದದ್ದು 1770ರಲ್ಲಿ ಕುಕ್ ನಾವಿಕನ ಹಡಗಿನಲ್ಲಿ ಬಾಟನಿ ಕೊಲ್ಲಿಗೆ ಬಂದಿಳಿದ ಜೋಸೆಫ್ ಬ್ಯಾಂಕ್ಸ್‌ನಿಂದ. ತಮಾಷೆಯೆಂದರೆ ಭೂಗೋಳದ ಇನ್ನೊಂದು ತುದಿಯ ಜ್ಯಾಕ್ ಪೈನ್‌ನ ಶಾಸ್ತ್ರೀಯ ಹೆಸರು ‘ಪೈನಸ್ ಬ್ಯಾಂಕ್ಸಿಯಾನಾ’. ಬೆಂಕಿಗಾಗಿ ಕಾಯುವ ಎರಡು ಸಸ್ಯಗಳು, ಒಬ್ಬನೇ ಮನುಷ್ಯ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರುವ ಸಿಲ್ವರ್ ಓಕ್ ಕೂಡ ಬ್ಯಾಂಕ್ಸಿಯಾದ ಕುಟುಂಬದ್ದೇ, ಆಸ್ಟ್ರೇಲಿಯಾದಿಂದಲೇ ಬಂದದ್ದು. ಆದರೆ ಅದಕ್ಕೆ ಈ ಹಟವಿಲ್ಲ, ಕಾಯಿ ಬಲಿತ ವರ್ಷವೇ ಬೀಜವನ್ನು ಗಾಳಿಗೆ ಬಿಟ್ಟು ಕೈ ತೊಳೆದುಕೊಳ್ಳುತ್ತದೆ.

ಈಗ ಹೇಳಿ, ಇದರಲ್ಲಿ ತಡವೇನು ಬಂತು? ಕಾಯಿ ಬಲಿತ ಕೂಡಲೇ ಬೀಜ ಉದುರಬೇಕೆಂಬ ನಿಯಮ ನಮ್ಮದು. ಹುಣಸೆ, ಹೊನ್ನೆ, ಬೂರುಗಗಳನ್ನು ನೋಡಿ ಮಾಡಿಕೊಂಡದ್ದು. ಲಾಡ್ಜ್‌ಪೋಲ್ ಪೈನ್ ಕಾಡಿಗೆ ಗಡಿಯಾರವೆಂದರೆ ಬೆಂಕಿ, ಮತ್ತು ಆ ಗಡಿಯಾರ ನೂರು, ಇನ್ನೂರು ವರ್ಷಗಳಿಗೊಮ್ಮೆ ಹೊಡೆಯುತ್ತಿತ್ತು.

ಅಮೆರಿಕದ ಅರಣ್ಯ ಇಲಾಖೆಗೆ ಬೇರೆಯದೇ ಗಡಿಯಾರವಿತ್ತು. 1910ರಲ್ಲಿ ಐಡಹೊ ಮತ್ತು ಮೊಂಟಾನಾದಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟು 80ಕ್ಕೂ ಹೆಚ್ಚು ಜನ ಸತ್ತ ಮೇಲೆ ಇಲಾಖೆ ಬೆಂಕಿಯನ್ನು ಶತ್ರುವೆಂದು ಬಗೆಯಿತು. 1935ರಲ್ಲಿ ನಿಯಮ ಇನ್ನೂ ಬಿಗಿಯಾಯಿತು: ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅದು ಹತೋಟಿಗೆ ಬಂದಿರಬೇಕು. ಅದನ್ನು ‘ಹತ್ತು ಗಂಟೆಯ ನೀತಿ’ ಎಂದೇ ಕರೆದರು. ಇನ್ನೂರು ವರ್ಷದ ಗಡಿಯಾರದ ಮುಂದೆ ಕಚೇರಿಯ ಗೋಡೆ ಗಡಿಯಾರ. ನೀತಿಯನ್ನು ರೂಪಿಸಿದವರು ದಡ್ಡರೇನಲ್ಲ, ಸತ್ತವರನ್ನು ಕಣ್ಣಾರೆ ಕಂಡವರು, ಅದನ್ನು ಮರೆಯಬಾರದು. ಆದರೆ ಕ್ಯಾಲಿಫೋರ್ನಿಯಾದ ದೈತ್ಯ ಸಿಕೋಯಾ ತೋಪುಗಳಲ್ಲಿ ಸಾವಿರಾರು ವರ್ಷದ ಮರಗಳು ನಿಂತೇ ಇದ್ದವು, ಅವುಗಳ ಕೆಳಗೆ ಒಂದು ಸಸಿ ಏಳುತ್ತಿರಲಿಲ್ಲ. ಸಿಕೋಯಾದ ಕಾಯಿ ಇಪ್ಪತ್ತು ವರ್ಷದವರೆಗೆ ಹಸಿರಾಗಿ, ಮುಚ್ಚಿಕೊಂಡು ಕೊಂಬೆಯಲ್ಲಿರಬಲ್ಲದು. ಅದನ್ನು ದೊಡ್ಡ ಪ್ರಮಾಣದಲ್ಲಿ ಬಿಚ್ಚುವುದು ಬೆಂಕಿಯ ಬಿಸಿಗಾಳಿ. 1960ರ ದಶಕದಲ್ಲಿ ರಿಚರ್ಡ್ ಹಾರ್ಟ್ಸ್‌ವೆಲ್ಟ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟ ಮೇಲೆ, 1968ರಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನಗಳು ತಾವೇ ಹದವರಿತು ಬೆಂಕಿ ಹಾಕತೊಡಗಿದವು.

ಹದ ತಪ್ಪುವುದೂ ಉಂಟು. ಮಿಷಿಗನ್ ರಾಜ್ಯದಲ್ಲಿ ಕಿರ್ಟ್‌ಲ್ಯಾಂಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಯಿದೆ. ಅದು ಗೂಡು ಕಟ್ಟುವುದು ಎಳೆಯ ಜ್ಯಾಕ್ ಪೈನ್‌ಗಳ ಬುಡದಲ್ಲಿ. ಮರಕ್ಕೆ ಸುಮಾರು ಐದು ವರ್ಷ ತುಂಬುವ ಮೊದಲು ಅದಕ್ಕೆ ಬೇಡ, ಇಪ್ಪತ್ತು ದಾಟಿದ ಮೇಲೂ ಬೇಡ. ಬೆಂಕಿಯಿಲ್ಲದೆ ಎಳೆ ಪೈನ್ ಇಲ್ಲ, ಎಳೆ ಪೈನ್ ಇಲ್ಲದೆ ಹಕ್ಕಿಯಿಲ್ಲ. 1980ರ ಮೇ 5ರಂದು ಈ ಹಕ್ಕಿಗಾಗಿಯೇ ಹಾಕಿದ ನಿಯಂತ್ರಿತ ಬೆಂಕಿಯೊಂದು ಮ್ಯಾಕ್ ಲೇಕ್ ಬಳಿ ಕೈಮೀರಿತು. ಬೆಂಕಿ ಆರಿಸಲು ಹೋದ ಒಬ್ಬ ಸಿಬ್ಬಂದಿ ಸತ್ತ, 44 ಮನೆಗಳು ಸುಟ್ಟವು, ಸುಮಾರು 24,000 ಎಕರೆ ಕರಿಯಾಯಿತು. 1987ರ ಎಣಿಕೆಯಲ್ಲಿ ಹಾಡುವ ಗಂಡುಹಕ್ಕಿಗಳು ಇಡೀ ಲೋಕಕ್ಕೆ 167. ಆಮೇಲೆ ಮ್ಯಾಕ್ ಲೇಕ್‌ನ ಆ ಸುಟ್ಟ ನೆಲದಲ್ಲಿ ಎದ್ದ ಪೈನ್‌ಗಳು ಹದವಾದ ವಯಸ್ಸಿಗೆ ಬಂದವು, ಹಕ್ಕಿಗಳು ಅಲ್ಲಿ ತುಂಬಿಕೊಂಡವು. 2019ರಲ್ಲಿ ಅದರ ಹೆಸರು ಅಳಿವಿನಂಚಿನ ಪಟ್ಟಿಯಿಂದ ಹೊರಗೆ ಬಂತು. ಮನೆ ಕಳೆದುಕೊಂಡವರ ಮುಂದೆ ಈ ಕಥೆಯನ್ನು ಹೇಗೆ ಹೇಳುವುದೋ ನನಗೆ ತಿಳಿಯುವುದಿಲ್ಲ. ಈಗ ಅಲ್ಲಿ ಬೆಂಕಿಯ ಬದಲು ಹೆಚ್ಚಾಗಿ ಮರ ಕಡಿದು, ಸಸಿ ನೆಟ್ಟು ಎಳೆಯ ಕಾಡನ್ನು ಮಾಡುತ್ತಾರೆ.

ನಮ್ಮ ಘಟ್ಟಗಳಲ್ಲಿ ಪೈನ್ ಸಹಜವಾಗಿ ಬೆಳೆಯುವುದಿಲ್ಲ, ರಾಳದ ಬೆಸುಗೆಯ ಕಾಯಿಗಳೂ ಇಲ್ಲ. ಬೆಂಕಿಯನ್ನು ಬೇಡವೆಂದ ಇತಿಹಾಸ ಮಾತ್ರ ನಮಗೂ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ಕಾಡಿನ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ಅವರ ಹೆಸರು ತರಗು ಬೆಂಕಿ. ನೆಲದಲ್ಲಿ ಇಬ್ಬನಿಯ ಪಸೆ ಇನ್ನೂ ಇರುವಾಗ ಅದು ಮೊಣಕಾಲೆತ್ತರಕ್ಕೆ ಏಳದೆ ಸರಿದುಹೋಗುತ್ತದೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಈ ರೂಢಿ ನಿಂತಿತು. ಲಂಟಾನ ಪೊದೆ ಕಾಡನ್ನು ಮುಚ್ಚಿದ್ದಕ್ಕೂ, ನೆಲ್ಲಿ ಮರಗಳನ್ನು ಉಪ್ಪಿಲು ಎಂಬ ಪರಾವಲಂಬಿ ಹಿಂಡುತ್ತಿರುವುದಕ್ಕೂ ಬೆಂಕಿ ನಿಂತದ್ದೇ ಕಾರಣ ಎಂಬುದು ಸೋಲಿಗ ಹಿರಿಯರ ಮಾತು. ಸಂಶೋಧಕರು ಅದನ್ನು ಗಂಭೀರವಾಗಿ ತೆಗೆದುಕೊಂಡು ಅವರೊಡನೆ ಕೆಲಸ ಮಾಡಿದ್ದಾರೆ. ಈಗ ಲಂಟಾನ ಆಳೆತ್ತರಕ್ಕೆ ಬೆಳೆದಿರುವುದರಿಂದ ಅದೇ ತರಗು ಬೆಂಕಿಯನ್ನು ಹಾಗೆಯೇ ಹಚ್ಚಿದರೆ ಅದು ಪೊದೆ ಏರಿ ಮರದ ತಲೆಗೆ ಹೋಗುತ್ತದೆ. ನಿಲ್ಲಿಸಿದಷ್ಟು ಸುಲಭವಾಗಿ ಮತ್ತೆ ಶುರು ಮಾಡಲು ಬರುವುದಿಲ್ಲ.

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಬರುತ್ತೇನೆ. 1988ರ ಬೇಸಿಗೆಯಲ್ಲಿ ಆ ಉದ್ಯಾನದ ಶೇ. 36ರಷ್ಟು ಭಾಗ, ಸುಮಾರು 7,94,000 ಎಕರೆ, ಬೆಂಕಿಗೆ ಸಿಕ್ಕಿತು. ಸಾವಿರಾರು ಜನ ಹೋರಾಡಿದರೂ ಬೆಂಕಿಯ ಸೊಕ್ಕು ಮುರಿದದ್ದು ಸೆಪ್ಟೆಂಬರ್ 11ರಂದು ಬಿದ್ದ ತೆಳುವಾದ ಹಿಮ. ಟಿ.ವಿ.ಯಲ್ಲಿ ಅಮೆರಿಕನ್ನರು ತಮ್ಮ ಮೊದಲ ರಾಷ್ಟ್ರೀಯ ಉದ್ಯಾನ ಸತ್ತಿತೆಂದು ನೋಡಿದರು. ಮುಂದಿನ ವರ್ಷವೇ ಬೂದಿಯಲ್ಲಿ ಲಾಡ್ಜ್‌ಪೋಲ್ ಸಸಿಗಳು ಎದ್ದವು, ಕೆಲವೆಡೆ ಕಾಲಿಡಲು ಜಾಗವಿಲ್ಲದಷ್ಟು. ಸೆರೋಟಿನಸ್ ಪದವನ್ನು ಪಠ್ಯಪುಸ್ತಕಗಳು ವಿವರಿಸುವಾಗ ಕೊಡುವ ಉದಾಹರಣೆ ಇಲ್ಲಿಗೆ ಮುಗಿಯುತ್ತದೆ.

ಕಾಡಿನಲ್ಲಿ ಅದು ಇಲ್ಲಿಗೆ ಮುಗಿದಿಲ್ಲ. 2016ರಲ್ಲಿ ಮೇಪಲ್ ಬೆಂಕಿ ಎಂದು ಹೆಸರಾದ ಬೆಂಕಿ ಅದೇ ನೆಲಕ್ಕೆ ಮತ್ತೆ ಬಂತು. 1988ರಲ್ಲಿ ಹುಟ್ಟಿದ ಮರಗಳಿಗೆ ಆಗ 28 ವರ್ಷ. ಲಾಡ್ಜ್‌ಪೋಲ್ ಎಳೆಯದರಲ್ಲಿ ಬಿಡುವ ಕಾಯಿಗಳು ಹೆಚ್ಚಾಗಿ ಬಲಿತಂತೆ ತೆರೆದುಕೊಳ್ಳುವಂಥವು. ರಾಳ ಮೆತ್ತಿ ಮುಚ್ಚಿಟ್ಟುಕೊಳ್ಳುವ ಗುಣ ಮರಕ್ಕೆ ವಯಸ್ಸಾದಂತೆ ಕೂಡುತ್ತದೆ, ಕಾಯಿಗಳ ದಾಸ್ತಾನು ಬೆಳೆಯಲು ಇನ್ನೂ ದಶಕಗಳು ಬೇಕು. ಹೀಗೆ ಎರಡನೆಯ ಬಾರಿ ಸುಟ್ಟ ಕಡೆಗಳಲ್ಲಿ ಮೊದಲ ಸಲ ಎದ್ದ ಸಸಿಗಳ ಆರರಲ್ಲಿ ಒಂದು ಪಾಲಿನಷ್ಟು ಮಾತ್ರ ಎದ್ದವೆಂದು ಅಲ್ಲಿ ಅಳೆದವರು ಬರೆದಿದ್ದಾರೆ. ಸಿಕೋಯಾಗಳಿಗೆ 2020ರ ಕಾಸಲ್ ಬೆಂಕಿ ಬಂತು. ಒಂದೇ ಬೆಂಕಿಯಲ್ಲಿ ದೊಡ್ಡ ಸಿಕೋಯಾಗಳ ಶೇ. 10ರಿಂದ 14 ಸತ್ತವೆಂಬುದು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ಅಂದಾಜು. ಶತಮಾನದಿಂದ ಕೂಡಿಬಿದ್ದ ಒಣ ಕಟ್ಟಿಗೆ, ಬರ, ಏರಿದ ತಾಪ ಎಲ್ಲ ಸೇರಿ ಬೆಂಕಿ ಮರದ ನೆತ್ತಿಗೇ ಹೋಯಿತು. ಕಾಯಿಯನ್ನು ಬಿಚ್ಚಬೇಕಾಗಿದ್ದ ಶಾಖ ಅದನ್ನು ಒಳಗಿನ ಬೀಜದ ಸಮೇತ ಸುಟ್ಟುಹಾಕಿತು. ಮುಂದಿನ ವರ್ಷ ಇನ್ನೊಂದು ಬೆಂಕಿ ಹತ್ತಿರ ಬಂದಾಗ ಜನರಲ್ ಶೆರ್ಮನ್ ಎಂಬ ಮಹಾವೃಕ್ಷದ ಬುಡಕ್ಕೆ ಹೊಳೆಯುವ ಅಲ್ಯೂಮಿನಿಯಂ ಹೊದಿಕೆ ಸುತ್ತಿದರು.

ಅಂದರೆ ಈಗ ಹೊತ್ತು ತಪ್ಪಿ ಬರುತ್ತಿರುವುದು ಬೆಂಕಿ, ಅದೂ ಮುಂಚೆಯೇ. ರೋಮನ್ ರೈತನ ಮಾತಿನಲ್ಲಿ ಅದು ಪ್ರೈಕಾಕ್ಸ್. ಪರಿಸರ ವಿಜ್ಞಾನದಲ್ಲಿ ಇದಕ್ಕೆ ‘ಬಲಿಯದಿರುವ ಅಪಾಯ’ ಎಂಬ ಹೆಸರೇ ಇದೆ, ಮರ ತನ್ನ ಬೀಜದ ಗಂಟನ್ನು ಕಟ್ಟಿಕೊಳ್ಳುವ ಮೊದಲೇ ಬೆಂಕಿ ಬಂದು ಬಾಗಿಲು ತಟ್ಟುವುದು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಕೆಲವು ಸುಟ್ಟ ತೋಪುಗಳಲ್ಲಿ ಈಗ ಸಿಕೋಯಾ ಸಸಿಗಳನ್ನು ಕೈಯಿಂದ ನೆಡುತ್ತಿದ್ದಾರೆ. ವನ್ಯಪ್ರದೇಶದಲ್ಲಿ ಮನುಷ್ಯ ಕೈಹಾಕಬಾರದು, ಬೀಜ ತಾನಾಗಿ ಏಳಲಿ ಎನ್ನುವವರು ಅದನ್ನು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದಾರೆ. ಇನ್ನೂ ಎಷ್ಟು ವರ್ಷ ನೋಡಬೇಕು ಎಂಬುದೇ ಅವರಿಬ್ಬರ ಜಗಳ.